ಎರಡನೇ ಲಿವರ್

ಹೊಟ್ಟೆಕಿಚ್ಚಿಗೆ ಮಠವೂ ಒಂದೇ, ಸಂತೆಯೂ ಒಂದೇ. ಕಾವಿ ಉಟ್ಟವರ ಹತ್ತಿರ ಅದು ಸುಳಿಯುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹೊಳೆಯ ದಂಡೆಗೆ ಒಂದು ಮಠ. ಅಲ್ಲೊಬ್ಬರು ಅಜ್ಜಾರು, ಮಠದ ಗುರುಗಳು. ಅವರ ಹಿರಿಯ ಶಿಷ್ಯ ಗದಿಗೆಯ್ಯ. ಕಿರಿಯವನು ಸಂಗನಬಸು, ಹೋದ ಸುಗ್ಗಿಯಲ್ಲಿ ಬಂದು ಸೇರಿದವನು.

ದುಡಿಯದೆ ಉಣ್ಣುವ ಹಾಗಿಲ್ಲ ಅನ್ನುವುದು ಆ ಮಠದ ಕಟ್ಟಳೆ. ದಾಸೋಹದ ಜೋಳ ಮಠದ ಹೊಲದಲ್ಲೇ ಬೆಳೆಯಬೇಕು. ಹೊಲಕ್ಕೆ ಟ್ರ್ಯಾಕ್ಟರ್ ಇತ್ತು, ಟ್ರ್ಯಾಕ್ಟರಿಗೆ ಗದಿಗೆಯ್ಯ ಇದ್ದ.

ಇನ್ನೊಂದು ರೂಢಿಯೂ ಇತ್ತು. ಅಜ್ಜಾರ ಬಾಯಿ ಅಂದರೆ ಬಾಯಿ. ಅವರಿಂದ ಬೈಸಿಕೊಂಡವನು ಮುಖ ಸಿಂಡರಿಸುವಂತಿಲ್ಲ. ಕೈಮುಗಿದು "ಪ್ರಸಾದ ಆತ್ರಿ" ಅಂದು ಎದ್ದು ಹೋಗಬೇಕು.

ಎಷ್ಟೋ ವರ್ಷ ಆ ಪ್ರಸಾದವೆಲ್ಲ ಗದಿಗೆಯ್ಯನ ಪಾಲಿಗೇ ಬರುತ್ತಿತ್ತು. ಗಂಟೆ ತಡವಾದರೆ ಬೈಗುಳ, ರೊಟ್ಟಿ ಸೀದರೆ ಬೈಗುಳ, ವಚನ ಹೇಳುವಾಗ ತಡವರಿಸಿದರೆ ಬೈಗುಳ. ತನ್ನವನೆಂದೇ ಬೈಯುತ್ತಾರೆ ಅಂತ ಅವನು ಒಳಗೊಳಗೇ ಹಿಗ್ಗುತ್ತಿದ್ದ.

ಸಂಗನಬಸು ಬಂದ ಹೊಸದರಲ್ಲಿ ಒಂದು ದಿನ, ಅಜ್ಜಾರು ಏನೋ ಅಂದದ್ದಕ್ಕೆ ಗದಿಗೆಯ್ಯ ತಿರುಗಿ ಮಾತಾಡಿದ. ನಿನ್ನೆ ಬಂದವನ ಮುಂದೆ ನನ್ನ ಮರ್ಯಾದೆ ಕಳೆಯಬೇಕೇನು ಅಂತ ಕೇಳಿ, ಪ್ರಸಾದ ಅನ್ನದೆ ಎದ್ದು ಹೋದ. ಆಮೇಲೆ ಆ ಮಾತನ್ನು ಅವನೇ ಮರೆತುಬಿಟ್ಟ.

ಅಂದಿನಿಂದ ಎಲ್ಲ ತಿರುವುಮುರುವಾಯಿತು. ಹೊತ್ತು ಮೂಡಿದರೆ ಅಜ್ಜಾರ ಗುಡುಗೆಲ್ಲ ಸಂಗನಬಸುವಿನ ಮೇಲೆ. ಗದಿಗೆಯ್ಯನ ಕಡೆ ತಿರುಗಿದರೆ ಮಾತ್ರ ದನಿ ತಣ್ಣಗಾಗುತ್ತಿತ್ತು. "ಆತಪ್ಪ" ಅನ್ನುವರು, ಮುಗಿಯಿತು.

ಗದಿಗೆಯ್ಯನಿಗೆ ಕಣ್ಣಿಗೆ ಮೆಣಸಿನಪುಡಿ ಬಿದ್ದಂತಾಯಿತು. ಬೈಸಿಕೊಳ್ಳಲಿಕ್ಕೆ ಏನೇನು ಮಾಡಬೇಕೋ ಎಲ್ಲ ಮಾಡಿದ. ಪೂಜೆಗೆ ತಡವಾಗಿ ಬಂದ. ದಿನಾ ಹಣೆಗೆ ವಿಭೂತಿ ಸೊಟ್ಟಗೆ ಬಳಿದುಕೊಂಡು ಬೇಕಂತಲೇ ಅಜ್ಜಾರ ಎದುರಿಗೆ ಕೂತ. ಹಿಂದೆಲ್ಲ ಸೊಟ್ಟ ವಿಭೂತಿ ಕಂಡರೆ ಕೆಂಡವಾಗುತ್ತಿದ್ದವರು ಈಗ ನೋಡಿಯೂ ನೋಡದ ಹಾಗಿದ್ದರು.

ಬೈಗುಳಕ್ಕೂ ಹೊಟ್ಟೆಕಿಚ್ಚು ಪಡುವವರು ಇದ್ದಾರೆ ನೋಡಿ.

ಮುಂಗಾರಿನ ಒಂದು ಹದ ಮಳೆ ಬಿತ್ತು. ಅಜ್ಜಾರು ಸಂಗನಬಸುವನ್ನು ಕರೆದು, ಈ ಸಲ ಹೊಲ ನೀನೇ ಹೊಡಿ, ಗದಿಗೆಯ್ಯ ಹೇಳಿಕೊಡುತ್ತಾನೆ ಅಂದರು.

ಗದಿಗೆಯ್ಯನಿಗೆ ಉಳಿದಿದ್ದದ್ದು ಆ ಸೀಟು ಒಂದೇ. ಅದೂ ಕೈಬಿಟ್ಟಿತು. "ಆಗಲ್ರಿ" ಅಂದ. ಹೊಟ್ಟೆಯೊಳಗೆ ಮಾತ್ರ ಧಗಧಗ.

ಸೀಟಿನ ಬಲಗಡೆ ಎರಡು ಲಿವರ್. ನೇಗಿಲನ್ನು ಎಷ್ಟು ಇಳಿಸಿದರೆ ಅಷ್ಟಕ್ಕೇ ಬಿಗಿಹಿಡಿದು ನಿಲ್ಲಿಸುವುದು ಮೊದಲನೆಯದರ ಕೆಲಸ. ಸಂಗನಬಸು ಅದನ್ನು ಬೇಗ ಕಲಿತುಕೊಂಡ. ಆಮೇಲೆ ಇನ್ನೊಂದಕ್ಕೆ ಬೆರಳು ತೋರಿಸಿದ.

"ಅಣ್ಣಾರ, ಈ ಎರಡನೇದು ಯಾತಕ್ರಿ?"

ಗದಿಗೆಯ್ಯನಿಗೆ ಅದು ಅಂಗೈ ಗೆರೆಯಷ್ಟು ಗೊತ್ತಿತ್ತು.

"ಅದು ಕೆಟ್ಟೈತಿ. ಮುಟ್ಟಬ್ಯಾಡ."

ಆ ಹೊಲದ ತಗ್ಗಿನ ಭಾಗ ಹೊಳೆಯ ಮೆಕ್ಕಲು ಮಣ್ಣು, ಕಾಲಿಟ್ಟರೆ ಇಳಿಯುವಂಥದ್ದು. ನಟ್ಟನಡುವೆ ಗರಸಿನ ದಿಬ್ಬ, ಗುದ್ದಲಿ ಹಾಕಿದರೆ ಕಿಡಿ ಹಾರುವಂಥದ್ದು. ಎರಡನೇ ಲಿವರ್ ಇಲ್ಲದೆ ಅಲ್ಲಿ ಇವನ ಗಾಡಿ ಸಿಕ್ಕಿಕೊಳ್ಳಲಿ, ಅಜ್ಜಾರು ನೋಡಲಿ, ಇವನ ಕೈಯಲ್ಲಿ ಆಗುವ ಕೆಲಸವಲ್ಲ ಅನ್ನಲಿ. ಗದಿಗೆಯ್ಯನ ಲೆಕ್ಕ ಇಷ್ಟೇ. ಹೋಗಿ ಬೇವಿನ ಮರದ ಕೆಳಗೆ ಕೂತ.

ತಗ್ಗಿನಲ್ಲಿ ನೇಗಿಲು ಸರಾಗವಾಗಿ ಓಡಿತು. ದಿಬ್ಬ ಬಂತು. ನೆಲ ಗಟ್ಟಿಯಾದರೂ ನೇಗಿಲು ಇಟ್ಟ ಆಳದಲ್ಲೇ ಹಟ ಹಿಡಿದು ನಿಂತಿತು. ಇಂಜಿನ್ ಏದುಸಿರು ಬಿಟ್ಟಿತು. ಹಿಂದಿನ ಗಾಲಿಗಳು ನಿಂತಲ್ಲೇ ತಿರುಗಿ ಕುಣಿ ತೋಡಿದವು. ಸಂಗನಬಸು ಗಾಬರಿಯಲ್ಲಿ ಇನ್ನಷ್ಟು ರೇಸ್ ಕೊಟ್ಟ. ಮುಂದಿನ ಗಾಲಿಗಳು ನೆಲ ಬಿಟ್ಟು ಎದ್ದವು.

ಗದಿಗೆಯ್ಯ ಬಿದ್ದಂಬೀಳ ಓಡಿದ. ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿದರೆ ಮೇಲೆ ಕೂತವನು ಉಳಿಯುವುದಿಲ್ಲ. ಇದು ಅವನ ಲೆಕ್ಕದಲ್ಲಿ ಇರಲಿಲ್ಲ. ಕ್ಲಚ್ ಒತ್ತು ಅಂತ ಗಂಟಲು ಹರಿಯುವಂತೆ ಕೂಗಿದ. ಸಂಗನಬಸು ಒತ್ತಿದ. ಗಾಲಿಗಳು ದಪ್ಪನೆ ನೆಲಕ್ಕೆ ಬಿದ್ದವು.

ಸದ್ದಿಗೆ ಅಜ್ಜಾರು ಬಂದರು. ಸಂಗನಬಸು ಗಾಡಿ ಇಳಿದದ್ದೇ ತಡ, ಅವನಿಗೆ ಬೈದರು ನೋಡಿ. ಗಾಲಿ ಜಾರುವಾಗ ರೇಸ್ ಕೊಡುತ್ತಾರೇನು, ಬುದ್ಧಿಯನ್ನು ಹೊಳೆಗೆ ಬಿಟ್ಟು ಬಂದೆಯೇನು ಅಂತ ಸಮಾ ಜಾಡಿಸಿದರು. ಕಡೆಗೆ ಕೇಳಿದರು.

"ಎರಡನೇ ಲಿವರ್ ಯಾಕ ಹಿಡೀಲಿಲ್ಲ?"

ಸಂಗನಬಸು ಗದಿಗೆಯ್ಯನ ಕಡೆ ಒಮ್ಮೆ ನೋಡಿದ.

"ನಾನ ಸರಿಯಾಗಿ ಕೇಳಿಕೊಂಡಿಲ್ರಿ. ಪ್ರಸಾದ ಆತ್ರಿ."

ಗದಿಗೆಯ್ಯ ತಲೆ ತಗ್ಗಿಸಿ ನಿಂತ. ಈಗ ನನ್ನ ಪಾಳಿ ಅಂದುಕೊಂಡ. ಅಂಥ ಹೊತ್ತಿನಲ್ಲೂ, ಎದುರಿಗಿದ್ದವನಿಗೆ ಸಿಕ್ಕ ಬೈಗುಳ ಕಂಡು ಅವನ ಹೊಟ್ಟೆ ಉರಿಯಿತು ಅಂದರೆ ನೀವು ನಂಬಬೇಕು.

ಅಜ್ಜಾರು ಮೆಲ್ಲಗೆ ಅಂದರು, "ನೀ ಹತ್ತಪ್ಪ. ಅವಗ ಹೇಳಿಕೊಡು."

ಕೆನ್ನೆಗೆ ಬಾರಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಗದಿಗೆಯ್ಯ ಸೀಟು ಏರಿದ. ನೇಗಿಲು ಎತ್ತಿ, ಗಾಲಿಯನ್ನು ಕುಣಿಯಿಂದ ಬಿಡಿಸಿಕೊಂಡು, ಹಿಂದಕ್ಕೆ ಬಂದು ಮೆಕ್ಕಲಿನಲ್ಲಿ ನಿಲ್ಲಿಸಿದ. ಸಂಗನಬಸುವನ್ನು ಹತ್ತಿರ ಕರೆದ. ಅಜ್ಜಾರು ಬದುವಿನ ಮೇಲೆ ನಿಂತು ಕೇಳುತ್ತಿದ್ದರು.

"ಮದ್ಲನೇದನ್ನ ಪೂರಾ ಕೆಳಗ ಬಿಡು. ಈಗ ಎರಡನೇದ್ರಾಗ ನೇಗಿಲ ಇಳಸು. ಇದು ಆಳ ನೋಡೂದಿಲ್ಲ, ಎಳೆಯೋ ಭಾರ ನೋಡತೈತಿ. ನೆಲ ಗಟ್ಟಿ ಬಂದು ಭಾರ ಹೆಚ್ಚಾತಂದ್ರ ನೇಗಿಲ ತಾನ ಒಂದೀಟು ಮ್ಯಾಲ ಬರತೈತಿ. ಮೆತ್ತನ್ನ ಮಣ್ಣು ಸಿಕ್ತಂದ್ರ ಮತ್ತ ತಾನ ಇಳೀತೈತಿ. ಗಾಲಿ ಜಾರೂದಿಲ್ಲ, ಗಾಡಿ ನಿಲ್ಲೂದಿಲ್ಲ."

"ಕೆಟ್ಟಿಲ್ಲೇನ್ರಿ ಹಂಗಾರ?" ಸಂಗನಬಸು ಕೇಳಿದ. ಕೇಳಿದ್ದರಲ್ಲಿ ಕುಹಕ ಇರಲಿಲ್ಲ.

ಗದಿಗೆಯ್ಯ ಗಾಡಿ ಬಿಟ್ಟ. ದಿಬ್ಬ ಬಂತು. ನೇಗಿಲು ತುಸು ಮೇಲೆದ್ದು, ಗರಸನ್ನು ಕೆರೆದಷ್ಟು ಕೆರೆದು ದಾಟಿತು. ಇಂಜಿನ್ನಿನ ದನಿ ಬದಲಾಗಲಿಲ್ಲ. ಆಚೆ ಮಣ್ಣು ಮೆತ್ತಗಾದದ್ದೇ ನೇಗಿಲು ಮತ್ತೆ ಒಳಗಿಳಿಯಿತು.

ಅವನು ಗಾಡಿ ನಿಲ್ಲಿಸಿ ಹಿಂದಕ್ಕೆ ನೋಡಿದ. ಆಮೇಲೆ ಇಳಿದು ಬದುವಿಗೆ ಬಂದು ಅಜ್ಜಾರ ಕಾಲಿಗೆ ಬಿದ್ದ.

"ಲಿವರ್ ಕೆಟ್ಟಿರಲಿಲ್ರಿ. ನಾನ ಸುಳ್ಳು ಹೇಳಿದೆ. ಅವನ ಜೀವ ಹೋಗತಿತ್ತು. ನನಗ ಬೈರಿ."

ಅಜ್ಜಾರು ದಿಬ್ಬದ ಕಡೆ ನೋಡಿದರು. ಗದಿಗೆಯ್ಯ ಕಾಲು ಬಿಡಲಿಲ್ಲ.

"ಅವಗ ದಿನಾ ಬೈತೀರಿ. ನನಗ್ಯಾಕ ಬೈಯೂದಿಲ್ರಿ?"

"ಗಟ್ಟಿ ನೆಲದಾಗ ನೇಗಿಲ ಏನ ಮಾಡ್ತು?"

"ಮ್ಯಾಲ ಬಂತ್ರಿ."

"ನೆಲದ ಮ್ಯಾಲ ಸಿಟ್ಟಾಗಿ ಬಂತೇನು?"

ಗದಿಗೆಯ್ಯನಿಗೆ ತಾನು ಪ್ರಸಾದ ಅನ್ನದೆ ಎದ್ದು ಹೋದ ದಿನ ನೆನಪಾಯಿತು. "ಇಲ್ರಿ" ಅಂದ. ಸಂಗನಬಸು ನೋಡುತ್ತಿದ್ದಾನೆ ಅನ್ನುವ ನಾಚಿಕೆಯನ್ನೂ ಬಿಟ್ಟು ಬಿಕ್ಕಿಬಿಕ್ಕಿ ಅತ್ತ.

ಅಜ್ಜಾರು ಬಗ್ಗಿ ಅವನ ಗದ್ದ ಹಿಡಿದು ಮುಖ ಎತ್ತಿದರು. ನೋಡಿದರು. ಅವರ ದನಿ ಏರಿದ್ದಕ್ಕೆ ಹೊಳೆದಂಡೆಯ ಕೊಕ್ಕರೆಗಳು ಹಾರಿಹೋದವು.

"ಏಳೋ ಕತ್ತೆ. ಮದ್ಲ ಹೊಳೀಗಿ ಹೋಗಿ ಮಾರಿ ತೊಳಕೊಂಡು, ಆ ಸೊಟ್ಟ ವಿಭೂತಿ ನೆಟ್ಟಗ ಹಚ್ಚಿಕೊಂಡು ಬಾ. ಎಷ್ಟ ದಿನದಿಂದ ನೋಡಾಕತ್ತೀನಿ ಅದನ್ನ."