ಕೆಳಗಿಳಿದ ಮೈಕು

ವಿಶ್ವವಿದ್ಯಾಲಯದಲ್ಲಿ ಪದಕ ಕೊಡೋ ಸಮಾರಂಭ. ನಗೀನಾಗೆ ಚಿನ್ನದ ಪದಕ. ಅವಳು ಓಡಾಡೋದು ಗಾಲಿಕುರ್ಚಿಯಲ್ಲಿ, ವೇದಿಕೆಗೆ ಇರೋದು ಬರೀ ಮೆಟ್ಟಿಲು.

“ನಾಲ್ಕು ಹುಡುಗರು ಎತ್ಕೊಂಡು ಬರ್ತಾರೆ ಬಿಡಮ್ಮ” ಅಂದರು ಕುಲಸಚಿವರು.

“ನಾನೇನು ಅಕ್ಕಿ ಮೂಟೆನಾ ಸರ್? ಹಾಗೆ ಬರಲ್ಲ.”

“ಹಾಗಾದ್ರೆ ಪದಕ ಪೋಸ್ಟಲ್ಲಿ ಬರುತ್ತೆ!”

ಪಕ್ಕದಲ್ಲೇ ವೈರು ಬಿಡಿಸ್ತಿದ್ದ ಮೈಕ್‌ಸೆಟ್ಟಿನವನು ಇದನ್ನೆಲ್ಲ ಕೇಳಿಸಿಕೊಂಡ. ಮೈಕನ್ನು ತಂದು ಮೆಟ್ಟಿಲ ಕೆಳಗೆ, ನಗೀನಾ ಪಕ್ಕದಲ್ಲಿ ನಿಲ್ಲಿಸಿದ.

“ಏಯ್, ಮೈಕ್ ಮೇಲೆ ತಾರೋ!” ಕುಲಸಚಿವರು ವೇದಿಕೆಯಿಂದ ಕಿರುಚಿದರು.

“ಮೇಲೆ ತಂದ್ರೆ ಕುಂಯ್ ಅಂತ ಅಳುತ್ತೆ ಸರ್. ನೀವೇ ಸ್ವಲ್ಪ ಇಳೀರಿ.”

ಮೈಕ್ ಕೆಳಗಿದೆ ಅಂತ ಭಾಷಣ ಬಿಟ್ಟು ಯಾರಾದರೂ ಮನೆಗೆ ಹೋಗ್ತಾರಾ? ಮೊದಲು ಕುಲಪತಿಗಳು ಇಳಿದರು. ಹಿಂದೆಯೇ ಶಾಲು ಹಿಡಿದವರು, ಹಾರ ಹಿಡಿದವರು, ಫೋಟೋದವನು. ಫೋಟೋ ತಪ್ಪೋಗುತ್ತೆ ಅಂತ ಕುಲಸಚಿವರೂ ಪಂಚೆ ಎತ್ತಿಕೊಂಡು ಓಡಿಬಂದರು.

ನಗೀನಾ ಪದಕ ಹಾಕಿಸಿಕೊಂಡು ಮೈಕ್ ಹಿಡಿದಳು. “ನೀವೆಲ್ಲ ಕೆಳಗೆ ಬಂದ್ರಿ, ಸಂತೋಷ. ಲೈಬ್ರರಿ ಎರಡನೇ ಮಹಡಿಯಲ್ಲಿದೆ. ಅದೂ ಇಳಿದು ಬರುತ್ತಾ ಸರ್?”

ಸಭೆ ಹೊಟ್ಟೆ ಹಿಡಿದು ನಕ್ಕಿತು. ಕುಲಪತಿಗಳು ತಿರುಗಿ, “ಲಿಫ್ಟ್ ಯಾವಾಗ್ರೀ?” ಅಂದರು.

ಕುಲಸಚಿವರು ಅವರ ಕಿವಿಯಲ್ಲಿ, “ಈ ವರ್ಷವೇ ಸರ್” ಅಂತ ಗೊಣಗಿದರು.

ಮೈಕ್‌ಸೆಟ್ಟಿನವನು ಮೆಲ್ಲಗೆ ಸೌಂಡು ಏರಿಸಿದ. “ಸರ್, ಇನ್ನೊಂದ್ಸಲ ಹೇಳಿ. ಹಿಂದಿನವರಿಗೆ ಕೇಳಿಸಲಿಲ್ಲವಂತೆ!”