ತಿರಕಪ್ಪನ ಹಾಡು, ಫಕೀರಪ್ಪನ ಪೆಟ್ಟಿಗೆ

ಹೊಳೆ ದಂಡೆಯ ಸಣ್ಣ ಮಠವೊಂದರಲ್ಲಿ ಅಡವೆಯ್ಯಜ್ಜ ಎಂಬ ಗುರುಗಳಿದ್ದರು. ಅವರಿಗೆ ಫಕೀರಪ್ಪ ಎಂಬ ಶಿಷ್ಯನಿದ್ದ. ಗುರುವಿಗೆ ಕೆಮ್ಮು, ಶಿಷ್ಯನಿಗೆ ಗೊಂದಲ. ಎರಡೂ ವಾಸಿಯಾಗುವ ಕಾಯಿಲೆಗಳಲ್ಲ.

ಅಜ್ಜ ಮಠಕ್ಕೆ ಬರುವ ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದವರು. ಫಕೀರಪ್ಪ ಮದುವೆ ಮನೆಗಳಿಗೆ ಮೈಕ್‌ಸೆಟ್ ಹಚ್ಚುತ್ತಿದ್ದವನು. ಒಮ್ಮೆ ಮಠದ ಭಜನೆಗೆ ಮೈಕು ಹಚ್ಚಲು ಬಂದವನು ಅಲ್ಲೇ ಉಳಿದುಬಿಟ್ಟ.

ದಿನಾ ಬೆಳಿಗ್ಗೆ ಅಜ್ಜ ನಾಲ್ಕು ಮಾತು ಹೇಳುತ್ತಿದ್ದರು. ಫಕೀರಪ್ಪ ಅದನ್ನು ಫೋನಿನಲ್ಲಿ ಹಿಡಿದು, ನಡುವಿನ ಕೆಮ್ಮನ್ನೆಲ್ಲ ಕತ್ತರಿಸಿ ಭಕ್ತರಿಗೆ ಕಳಿಸುತ್ತಿದ್ದ. ಕೆಮ್ಮು ತೆಗೆದರೆ ಪ್ರವಚನ ಅರ್ಧಕ್ಕಿಳಿಯುತ್ತಿತ್ತು.

ಮಠದಲ್ಲಿ ರೊಟ್ಟಿ ಬಡಿಯುವವಳು ಬಾಳವ್ವ. ಅವಳ ಗಂಡ ತಿರಕಪ್ಪ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದ. ಫಕೀರಪ್ಪ ಬರುವ ಮೊದಲೇ ತೀರಿಹೋಗಿದ್ದ. ಅವನ ಒಂದೇ ಒಂದು ಹಾಡು ಯಾರೋ ಭಕ್ತರ ಫೋನಿನಲ್ಲಿ ಉಳಿದು, ಈಗ ಫಕೀರಪ್ಪನ ಫೋನಿಗೆ ಬಂದಿತ್ತು.

ಬಾಳವ್ವನ ಎಡಗಿವಿ ಪೂರಾ ಹೋಗಿತ್ತು. ಬಲಗಿವಿ ಹೋಗುತ್ತಿತ್ತು. ದೀಪಾವಳಿ ಹೊತ್ತಿಗೆ ಅದೂ ಮುಚ್ಚಬಹುದು, ಯಂತ್ರ ಹಾಕಿದರೂ ಉಪಯೋಗವಿಲ್ಲ ಎಂದು ಡಾಕ್ಟರರು ಹೇಳಿದ್ದರು.

ಯುಗಾದಿಯ ದಿನ ಫಕೀರಪ್ಪ ಆ ಹಾಡು ಹಚ್ಚಿ ಫೋನನ್ನು ಅವಳ ಬಲಗಿವಿಗೆ ಹಿಡಿದ.

ಬಾಳವ್ವ ಬಹಳ ಹೊತ್ತು ಕೇಳಿದಳು. "ಡಬ್ಬಿಯೊಳಗ ನೊಣ ಹೊಕ್ಕಂಗ ಐತೆಲ್ಲೋ. ಇದು ಅವರ ದನಿ ಅಲ್ಲ. ಕಿವಿ ಮುಚ್ಚೂದರಾಗ ಒಮ್ಮೆ ಅವರನ್ನ ಕೇಳಸೋ ನನಗ."

"ಕೇಳಸ್ತೀನವ್ವಾ," ಎಂದುಬಿಟ್ಟ ಫಕೀರಪ್ಪ. ಮಾತು ಕೊಟ್ಟ ಮೇಲೆ ಹೆದರಿಕೆಯಾಯಿತು. ಅಜ್ಜನ ಹತ್ತಿರ ಓಡಿದ.

"ಫೋನಿನಾಗ ಹಾಡು ಹಾಡಾಗಿ ಇರೂದಿಲ್ಲೋ," ಎಂದರು ಅಜ್ಜ. "ಬರೇ ಅಂಕಿ ಆಗಿ ಇರ್ತೈತಿ. ಅಂಕೀನ ತಿರುಗಿ ದನಿ ಮಾಡೂ ಪೆಟಿಗಿ ಕಟ್ಟು. ಅದಕ್ಕ ಡ್ಯಾಕ್ ಅಂತಾರ."

"ನನಗ ಬರ್ತೈತೇನ್ರಿ?"

"ಬೆಸುಗೆ ಹಾಕಾಕ ಬರ್ತೈತಿ. ಉಳಿದದ್ದು ನೋಡೂಣು."

ಫಕೀರಪ್ಪ ಅಲ್ಲಿ ಇಲ್ಲಿ ಕೇಳಿ ಸಾಮಾನು ತರಿಸಿದ. ಎಂಟು ದಿನದಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿಯೊಳಗೆ ಡ್ಯಾಕ್ ಕಟ್ಟಿ, ಅಜ್ಜನ ಮರದ ಸ್ಪೀಕರಿಗೆ ಜೋಡಿಸಿ ಹಾಡು ಹಚ್ಚಿದ.

"ಹೊಳಿ ದಾಟೇನಂದರ ಹರಗೋಲಿಲ್ಲೋ..."

ತಿರಕಪ್ಪ ಎದುರಿಗೇ ಕೂತು ಹಾಡಿದಂತಾಯಿತು.

ಆಗ ಟಕ್ ಎಂದಿತು. ಒಂದು ಉಸಿರಿನಷ್ಟು ಹೊತ್ತು ದನಿಯೇ ಇಲ್ಲ. ಮತ್ತೆ ಹಾಡು ಮುಂದುವರಿಯಿತು. ಎರಡು ಸೊಲ್ಲು ಆದ ಮೇಲೆ ಮತ್ತೆ ಟಕ್, ಮತ್ತೆ ಮೌನ. ಫೋನಿನ ಸಣ್ಣ ದನಿಯಲ್ಲಿ ಇದು ಗೊತ್ತಾಗಿರಲಿಲ್ಲ.

"ಬಾಳವ್ವನ್ನ ಕರಿ," ಎಂದರು ಅಜ್ಜ.

"ಬ್ಯಾಡ್ರಿ ಅಜ್ಜಾರ. ನಡನಡುವ ಕಡದು ಹೋಗಾಕತ್ತೈತಿ. ಹಿಂತಾದ್ದನ್ನ ಕೇಳಸಿ ಅಕಿ ಮನಸ್ಸು ನೋಯಸಲೇನ್ರಿ?"

"ಕರಿ ಅಂದ್ನಿ."

"ಇನ್ನ ನಾಕು ದಿನ ತಡೀರಿ. ಸರಿ ಮಾಡಿ ಕರೀತೀನಿ."

ಅಜ್ಜ ಕೆಮ್ಮಿದರು. ಅದು ಹೌದೋ ಅಲ್ಲವೋ ಫಕೀರಪ್ಪನಿಗೆ ತಿಳಿಯಲಿಲ್ಲ.

ಅವನ ಅನುಮಾನ ಮೊದಲು ಹೋದದ್ದು ಐಸಿ ಎಂಬ ಕಪ್ಪು ಚಿಪ್ಪಿನ ಮೇಲೆ. ಅಂಕಿಯನ್ನು ದನಿ ಮಾಡುವುದು ಅದೇ. ಅರಳೆಯನ್ನು ಥಿನ್ನರಿನಲ್ಲಿ ಅದ್ದಿ ಅದರ ಬೆನ್ನು ಉಜ್ಜಿದ. ಅಚ್ಚಾದ ಅಕ್ಷರವೆಲ್ಲ ಅರಳೆಗೆ ಬಂತು.

"ಖೊಟ್ಟಿ ಮಾಲು ಅಜ್ಜಾರ! ಯಾವುದೋ ಸಾಮಾನಿನ ಮ್ಯಾಲೆ ದೊಡ್ಡ ಕಂಪನಿ ಹೆಸರು ಬರದಾರ."

ಅಜ್ಜ ಹಣೆಯ ವಿಭೂತಿಯನ್ನು ಅಂಗೈಯಿಂದ ಒರೆಸಿಕೊಂಡರು.

"ಈಗ ನಾ ಯಾರು?"

"ಅಜ್ಜಾರು... ಅಲ್ಲೇನ್ರಿ?"

"ನೀನ ಹೇಳಬೇಕು," ಎಂದು ಅಜ್ಜ ಹೊಳೆಯ ಕಡೆ ಹೋದರು.

ಇದರಿಂದ ಏನು ತಿಳಿಯಬೇಕು? ಫಕೀರಪ್ಪ ಸಂಜೆಯ ತನಕ ಯೋಚಿಸಿದ. ಕೊನೆಗೆ ಅಸಲಿ ಐಸಿ ತರಿಸಬೇಕೆಂದು ತಿಳಿದ. ಬಿಸ್ಕತ್ತಿನ ಡಬ್ಬಿಯನ್ನು ಮೂಲೆಗೆ ಎಸೆದ. ಅಜ್ಜ ಅದನ್ನು ಎತ್ತಿ ತಮ್ಮ ಗದ್ದಿಗೆಯ ಕೆಳಗೆ ಇಟ್ಟುಕೊಂಡದ್ದನ್ನು ಅವನು ನೋಡಲಿಲ್ಲ.

ಅಸಲಿ ಐಸಿ ಸಿಗುವುದು ಅಷ್ಟು ಸುಲಭವಲ್ಲ. ಹುಬ್ಬಳ್ಳಿಯ ಅಂಗಡಿಯವರು ಮುಂಬಯಿ ಕಡೆ ಬೆರಳು ಮಾಡಿದರು, ಮುಂಬಯಿಯವರು ಹೊರದೇಶದ ಕಡೆ. ಆಷಾಢದಲ್ಲಿ ಐಸಿ ಬಂತು. ಫಕೀರಪ್ಪ ಹೊಸದೊಂದು ಪೆಟ್ಟಿಗೆ ಕಟ್ಟಿ ಅದರೊಳಗೆ ಬೆಸುಗೆ ಹಾಕಿದ.

ಟಕ್ ಹೋಗಲಿಲ್ಲ.

ಬಾಳವ್ವ ಬಾಗಿಲಲ್ಲಿ ನಿಂತು ಕೇಳಿದಳು, "ಆತೇನೋ ಫಕೀರಪ್ಪಾ?"

"ಇನ್ನೊಂದು ಸಾಮಾನು ಬರೂದೈತವ್ವಾ."

"ಬರ್ಲಿ ಬರ್ಲಿ," ಎಂದು ಅವಳು ಒಳಗೆ ಹೋದಳು. ಆಗ ಬಾಗಿಲಲ್ಲಿ ನಿಂತರೂ ಅವಳಿಗೆ ಕೇಳುತ್ತಿತ್ತು.

ಹಾಗಾದರೆ ತಪ್ಪು ಕ್ರಿಸ್ಟಲಿನದು ಎಂದುಕೊಂಡ. ಅಂಕಿಗಳಿಗೆ ತಾಳ ಹಾಕುವುದು ಆ ಕ್ರಿಸ್ಟಲು. ತಾಳ ತಪ್ಪಿದರೆ ಟಕ್ ಎನ್ನುತ್ತದೆ, ದನಿ ನಿಲ್ಲುತ್ತದೆ. ಲೆಕ್ಕವೇನೋ ಸರಿಯಾಗಿಯೇ ಇತ್ತು. ಒಳ್ಳೆಯ ಕ್ರಿಸ್ಟಲು ಭಾದ್ರಪದದಲ್ಲಿ ಬಂತು. ಗಾಳಿಗುಳ್ಳೆಗಳ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕಳಿಸಿದ್ದರು.

ಅಜ್ಜ ಕ್ರಿಸ್ಟಲನ್ನು ಮುಟ್ಟಲಿಲ್ಲ. ಹಾಳೆಯನ್ನು ಎತ್ತಿಕೊಂಡು ಒಂದು ಗುಳ್ಳೆ ಒಡೆದರು. ಟಕ್. ಆಮೇಲೆ ಶಿಷ್ಯನ ಮುಖವನ್ನೇ ನೋಡುತ್ತ ಸುಮ್ಮನೆ ಕೂತರು. ಇನ್ನೊಂದು ಒಡೆದರು. ಟಕ್. ಮತ್ತೆ ಸುಮ್ಮನೆ ಅವನನ್ನೇ ನೋಡಿದರು.

"ಏನ್ರಿ ಅಜ್ಜಾರ?"

"ನಿನಗ ಮುಂದಿಂದು ಬರೂದಿಲ್ಲ ಬಿಡು."

"ಮುಂದಿಂದು ಯಾವುದ್ರಿ?"

"ಬರೂದಿಲ್ಲ ಅಂದ್ನೆಲ್ಲ," ಎಂದು ಅಜ್ಜ ಹಾಳೆಯನ್ನು ಮಡಚಿ ತಲೆದಿಂಬಿನ ಕೆಳಗೆ ಇಟ್ಟರು.

ಅಜ್ಜನಿಗೆ ಅರಳುಮರಳು ಶುರುವಾಯಿತೆಂದು ಫಕೀರಪ್ಪನಿಗೆ ಸಂಕಟವಾಯಿತು. ಕ್ರಿಸ್ಟಲು ಬದಲಿಸಿದ. ಟಕ್ ಹೋಗಲಿಲ್ಲ. ಕರೆಂಟು ಹಿಡಿದಿಡುವ ಕೆಪಾಸಿಟರುಗಳನ್ನು ಬದಲಿಸಲು ಹೊರಟ. ಒಂದು ಹಳೆಯ ರೇಡಿಯೊದಿಂದ ಕಿತ್ತದ್ದು, ಒಂದು ಹುಬ್ಬಳ್ಳಿಯದು, ಒಂದು ಹಡಗಿನಲ್ಲಿ ಬಂದದ್ದು. ಮೂರನ್ನೂ ಅಂಗೈಯಲ್ಲಿಟ್ಟು ಅಜ್ಜನ ಮುಂದೆ ಹಿಡಿದ.

"ಇದರಾಗ ಯಾವುದು ಚಲೋ ಹೇಳ್ರಿ."

"ಅದನ್ನ ಬಾಳವ್ವಗ ಕೇಳು."

"ಅಕಿಗೇನು ತಿಳೀತೈತ್ರಿ? ಕೆಪಾಸಿಟರ್ ಅಂದ್ರ ಹುಣಸಿ ಬೀಜ ಅಂತಾಳ."

"ಕೇಳಾವರು ಯಾರು? ನೀನೋ, ಅಕಿನೋ?"

ಈಗ ಫಕೀರಪ್ಪನಿಗೆ ಸಿಟ್ಟೇ ಬಂತು. "ಅಕಿ ಕಿವಿ ಹೊಂಟೈತಂತ ನಾ ಇಷ್ಟು ಬಡಕೊಳ್ಳಾಕತ್ತೀನಿ. ನೀವು ಒಡಪು ಹೇಳಕೊಂತ ಕುಂತೀರಿ!"

ಅಜ್ಜ ಕೆಮ್ಮಿದರು.

ಮಹಾನವಮಿಗೆ ಬಾಳವ್ವ ಮತ್ತೆ ಬಂದು "ಆತೇನೋ?" ಎಂದಳು. ಫಕೀರಪ್ಪ ಹೇಳಿದ್ದು ಅವಳಿಗೆ ಕೇಳಲಿಲ್ಲ. ಹತ್ತಿರ ಹೋಗಿ ಹೇಳಿದ, ಕೇಳಲಿಲ್ಲ. ಬಲಗಿವಿಗೆ ಬಾಯಿ ಹಚ್ಚಿ ಕೂಗಿದ.

"ಹಂಗೇನು? ಬರ್ಲಿ ಬರ್ಲಿ," ಎಂದಳು ಬಾಳವ್ವ. ಅವಳ ದನಿಯೂ ಈಗ ದೊಡ್ಡದಾಗಿತ್ತು. ತನ್ನ ಮಾತು ತನಗೇ ಕೇಳಿಸುತ್ತಿರಲಿಲ್ಲ.

ಫಕೀರಪ್ಪ ಹೊಳೆಯ ದಂಡೆಗೆ ಹೋಗಿ ಅತ್ತ.

ಹೊಸ ಐಸಿ, ಹೊಸ ಕ್ರಿಸ್ಟಲು, ಹೊಸ ಕೆಪಾಸಿಟರು. ಇನ್ನು ಬದಲಿಸಲು ಪೆಟ್ಟಿಗೆಯಲ್ಲಿ ಏನೂ ಉಳಿದಿರಲಿಲ್ಲ. ಅಳುತ್ತ ಕೂತವನಿಗೆ ಫಕ್ಕನೆ ಹೊಳೆಯಿತು. ಪೆಟ್ಟಿಗೆ ಸರಿಯಿದೆ, ಹಾಡೇ ಕೆಟ್ಟಿದೆ! ಅಜ್ಜನ ಕೆಮ್ಮು ತೆಗೆಯುವ ಹಾಗೆ ಇದನ್ನೂ ಯಾಕೆ ತೆಗೆಯಬಾರದು?

ಹಾಡಿನ ಒಂದು ಪ್ರತಿ ಮಾಡಿಕೊಂಡು, ಅದರೊಳಗಿನ ಟಕ್‌ಗಳನ್ನೆಲ್ಲ ಕತ್ತರಿಸಿದ. ಮೌನಗಳನ್ನೂ ಕತ್ತರಿಸಿದ. ಸೊಲ್ಲಿಗೆ ಸೊಲ್ಲು ಅಂಟಿಸಿದ. ಹಾಡು ನೀರು ಹರಿದಂತೆ ಹರಿಯಿತು. ಇಷ್ಟು ಸುಲಭವಿತ್ತೇ ಎಂದು ತನ್ನ ತಲೆಗೆ ತಾನೇ ಮೊಟಕಿಕೊಂಡ.

ನರಕ ಚತುರ್ದಶಿಯ ಮುಂಜಾನೆ, ಎಣ್ಣೆನೀರು ಮುಗಿದ ಮೇಲೆ, ಬಾಳವ್ವನನ್ನು ಕೈಹಿಡಿದು ಕರೆತಂದ. ಅವಳು ಇಳಕಲ್ ಸೀರೆ ಉಟ್ಟಿದ್ದಳು. ಗಂಡನನ್ನು ನೋಡಲು ಹೊರಟವಳ ಹಾಗೆ ತಲೆ ಬಾಚಿಕೊಂಡಿದ್ದಳು. ಬಲಗಿವಿಯನ್ನು ಸ್ಪೀಕರಿಗೆ ತಾಗಿಸಿ, ಅಂಗೈಯನ್ನು ಅದರ ಮರದ ಮೇಲೆ ಇಟ್ಟು ಕೂತಳು.

ಫಕೀರಪ್ಪ ಹೊಸ ಪೆಟ್ಟಿಗೆಯಲ್ಲಿ ಹಾಡು ಹಚ್ಚಿ ದನಿ ಪೂರಾ ಏರಿಸಿದ.

ಹಾಡು ಮುಗಿಯಿತು. ಬಾಳವ್ವ ಸೆರಗು ಸರಿಪಡಿಸಿಕೊಂಡು ನಕ್ಕಳು.

"ಚಲೋ ಹಾಡತಾನಪ್ಪಾ. ಯಾರಿಂವ?"

ಫಕೀರಪ್ಪ ಅವಳ ಕಿವಿಗೆ ಬಾಯಿ ಹಚ್ಚಿದ. "ಎವ್ವಾ, ನಿನ್ನ ಗಂಡನವ್ವಾ! ತಿರಕಪ್ಪ!" ಎಂದು ಕೂಗಿದ.

"ಅಲ್ಲಪಾ. ಅವರು ಹಿಂಗ ಒಬ್ಬರೇ ಓಡತಿರಲಿಲ್ಲ." ಅವಳು ಏಳಲು ನೆಲಕ್ಕೆ ಕೈಯೂರಿದಳು. "ಇರ್ಲಿ ಬಿಡು. ನೀ ಭಾಳ ಕಷ್ಟ ಪಟ್ಟಿ."

"ಕುಂದರು ತಂಗಿ," ಎಂದು ಅಜ್ಜ ಅವಳ ಭುಜ ಹಿಡಿದು ಕೂರಿಸಿದರು. ಗದ್ದಿಗೆಯ ಕೆಳಗಿಂದ ಬಿಸ್ಕತ್ತಿನ ಡಬ್ಬಿ ತೆಗೆದು ಫಕೀರಪ್ಪನ ಮುಂದೆ ಇಟ್ಟರು.

"ಇದನ್ನ ಹಚ್ಚು. ಕತ್ತರಿ ಹಾಕಿದ್ದು ಬ್ಯಾಡ. ಮೊದಲಿನ ಹಾಡ ಹಚ್ಚು."

"ಅಜ್ಜಾರ, ಇದರಾಗ ಖೊಟ್ಟಿ ಐಸಿ ಐತ್ರಿ!"

"ಹಚ್ಚೋ."

ಫಕೀರಪ್ಪ ತಂತಿ ಜೋಡಿಸಿದ. ಬಾಳವ್ವ ಬೇಸರವಿಲ್ಲದೆ ಮತ್ತೆ ಕಿವಿಯನ್ನೂ ಅಂಗೈಯನ್ನೂ ಸ್ಪೀಕರಿಗೆ ಹಚ್ಚಿದಳು.

"ಹೊಳಿ ದಾಟೇನಂದರ ಹರಗೋಲಿಲ್ಲೋ..."

ಟಕ್.

ಬಾಳವ್ವ ಬೆಚ್ಚಿದಳು. ಅಂಗೈಯನ್ನು ಎತ್ತಿ ನೋಡಿಕೊಂಡಳು, ಮತ್ತೆ ಮರದ ಮೇಲೆ ಇಟ್ಟಳು. ಮುಂದಿನ ಟಕ್ ಬರುವ ತನಕ ಒತ್ತಿ ಹಿಡಿದಳು.

ಟಕ್.

"ಬಂದ್ರು!" ಎಂದಳು. "ಅಜ್ಜಾರ, ಕರ್ಯಾಕತ್ತಾರಲ್ರಿ ನನ್ನ! ಒಂದು ಸೊಲ್ಲು ಅವರದು, ಒಂದು ಸೊಲ್ಲು ನಂದು. ಉಂಗುರದಿಂದ ಏಕತಾರಿ ಬುರುಡಿಗೆ ಕುಟ್ಟಿ, ಎತ್ತು ಬಾಳವ್ವಾ ಅಂತಿದ್ರು. ಇದನ್ನ ಫೋನಿನಾಗ ಹಿಡದ ದಿನ ನಾ ರೊಟ್ಟಿ ಬಡ್ಯಾಕ ಹೋಗಿದ್ನಿ. ನನ್ನ ದಾರಿ ನೋಡ್ಯಾರ. ನೋಡಿ ನೋಡಿ ಒಬ್ಬರೇ ಹಾಡ್ಯಾರ!"

ಕಣ್ಣೀರು ಗಲ್ಲದ ಮೇಲೆ ಹರಿಯುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಒರೆಸಲು ಕೈ ತೆಗೆಯಬೇಕಿತ್ತು.

ಟಕ್.

ಆ ಒಂದು ಉಸಿರಿನ ಮೌನದಲ್ಲಿ ಬಾಳವ್ವ ಸೊಲ್ಲು ಎತ್ತಿದಳು.

"ಹರಗೋಲು ಬಂದರ ಹೊಳಿಯೇ ಇಲ್ಲೋ..."

ದನಿ ಒಡೆದಿತ್ತು, ಶ್ರುತಿ ಎತ್ತಲೋ ಹೋಗಿತ್ತು. ಆದರೂ ತಿರಕಪ್ಪನ ದನಿ ಬಂದು ಅದರ ಜೊತೆ ಕೂಡಿತು. ಹಾಡು ಮುಗಿಯುವ ತನಕ ಇಬ್ಬರೂ ಹಾಡಿದರು. ಮುಗಿದ ಮೇಲೆ ಅವಳು "ಇನ್ನೊಮ್ಮೆ" ಎಂದಳು. ಮತ್ತೆ ಇನ್ನೊಮ್ಮೆ ಎಂದಳು. ಅವತ್ತು ಮಠದಲ್ಲಿ ರೊಟ್ಟಿ ಆಗಲಿಲ್ಲ.

ಮಧ್ಯಾಹ್ನ ಗುರು ಶಿಷ್ಯರು ಅವಲಕ್ಕಿ ತಿನ್ನುತ್ತ ಹೊಳೆಯ ದಂಡೆಯಲ್ಲಿ ಕೂತಿದ್ದರು. ಫಕೀರಪ್ಪನ ತೊಡೆಯ ಮೇಲೆ ಹೊಸ ಪೆಟ್ಟಿಗೆ ಇತ್ತು.

"ಅಜ್ಜಾರ, ನನಗ ಒಂದೂ ತಿಳೀವಲ್ದು. ಖೊಟ್ಟಿ ಐಸಿ ಖರೇ ಹೇಳ್ತು. ಖರೇ ಐಸಿ ಯಾರೋ ಹಾಡಿದಂಗ ಕೇಳಸ್ತು. ತಪ್ಪು ಯಾವ ಸಾಮಾನಿನಾಗ ಇತ್ರಿ?"

ಅಜ್ಜ ಅವಲಕ್ಕಿ ಜಗಿದರು.

"ನಿಮಗ ಮೊದಲ ಗೊತ್ತಿತ್ತಲ್ರಿ. ಯಾಕ ಹೇಳಲಿಲ್ರಿ?"

"ಮೊದಲನೇ ದಿನ ಹೇಳೀನಿ. ಬಾಳವ್ವನ್ನ ಕರಿ ಅಂತ."

ಫಕೀರಪ್ಪ ಆರು ತಿಂಗಳು ಹುಡುಕಿ ತಂದ ಸಾಮಾನಿನ ಮೇಲೆ ಬೆರಳಾಡಿಸಿದ. ಅದನ್ನು ಹೊಳೆಗೆ ಎಸೆದುಬಿಡಲೇ ಅನ್ನಿಸಿತು.

"ಹಂಗಾರ ಈ ಪೆಟಿಗಿ ಏನ್ ಮಾಡ್ಲಿರಿ?"

ಅಜ್ಜನಿಗೆ ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದರು. ಫಕೀರಪ್ಪ ಬೆನ್ನು ಸವರಿದ. ಕೆಮ್ಮು ನಿಂತ ಮೇಲೆ ಅಜ್ಜ ಪೆಟ್ಟಿಗೆಯನ್ನು ಅವನ ಮಡಿಲಿಗೇ ಒತ್ತಿದರು.

"ಜ್ವಾಕಿಯಿಂದ ಇಟ್ಕೋ. ನಾ ಹೋದ ಮ್ಯಾಲೆ ನಿನಗ ಬೇಕಾಗ್ತೈತಿ. ಇನ್ನ ಮ್ಯಾಲೆ ನನ್ನ ಕೆಮ್ಮ ಕತ್ತರಿಸಬ್ಯಾಡ."