ಗಿರಕಿ ಸಾರಿದ ಒರತೆ ನೀರು

ಮುತ್ತುಗದ ಕಾಡಿನ ನಡುವೆ ಒಂದು ಕೆರೆಯಿತ್ತು. ಬೇಸಿಗೆ ಬಂತೆಂದರೆ ಅದರ ನೀರು ಪಾಚಿಗಟ್ಟಿ, ಕುಡಿದವರಿಗೆಲ್ಲ ಹೊಟ್ಟೆನೋವು, ಜ್ವರ. ಪಕ್ಕದ ಒಣಹಳ್ಳದಲ್ಲಿ ಮರಳು ತೋಡಿದರೆ ತಿಳಿಯಾದ ಒರತೆ ನೀರು ಸಿಗುತ್ತಿತ್ತು. ಅಲ್ಲೇ ಕೆದರಿ ಕುಡಿದ ಕಾಡುಹಂದಿಯೊಂದು ಗಟ್ಟಿಮುಟ್ಟಾಗಿದ್ದುದನ್ನು ಮೊದಲು ಕಂಡದ್ದು ಗಿರಕಿ ಎಂಬ ಗೊರವಂಕ.

ಆ ಕಾಡಿನಲ್ಲಿ ಮೊಬೈಲ್ ಇರಲಿಲ್ಲ ಮಕ್ಕಳೇ, ಆದರೂ ಸುದ್ದಿಗೇನು ಬರ? ಗಿರಕಿ ಇತ್ತಲ್ಲ! ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಹಕ್ಕಿ ಅದು. ಒರತೆ ನೀರು ಕುಡಿಯಿರಿ ಎಂದು ಒಂದು ಮರದಲ್ಲಿ ಸಾರಿ, ಉತ್ತರ ಕೇಳುವ ಮೊದಲೇ ಇನ್ನೊಂದಕ್ಕೆ ಹಾರುತ್ತಿತ್ತು. ಸಂಜೆಯೊಳಗೆ ಇಡೀ ಕಾಡಿಗೆ ಸುದ್ದಿ ಮುಟ್ಟಿತು. ನಡುವೆ ಗಂಟಲು ಒಣಗಿದರೆ ಹಳ್ಳಕ್ಕೆ ಹೋಗಲು ಪುರುಸೊತ್ತೆಲ್ಲಿ? ಕೆರೆಗೇ ಇಳಿದು ಎರಡು ಗುಟುಕು ಕುಡಿದು, ಗೂಡಿನಲ್ಲಿದ್ದ ತನ್ನ ಮರಿಗೂ ಅದನ್ನೇ ಒಯ್ಯುತ್ತಿತ್ತು.

ಮೂರು ದಿನವಾದರೂ ಹಳ್ಳದತ್ತ ಯಾರೂ ಸುಳಿಯಲಿಲ್ಲ. ಗಿರಕಿಗೆ ಸಿಟ್ಟು ಬಂತು. ಇನ್ನೂ ಜೋರಾಗಿ ಕೂಗಿತು, ಇನ್ನೂ ದೂರ ಹಾರಿತು. ನಾಲ್ಕನೆಯ ದಿನ ಗೂಡಿಗೆ ಬಂದರೆ ಮರಿ ಬಾಯಿ ತೆರೆಯಲಿಲ್ಲ. ಕತ್ತು ವಾಲಿತ್ತು, ಮೈ ಸುಡುತ್ತಿತ್ತು. ಗಿರಕಿ ಒರತೆ ನೀರಿಗೆಂದು ಹಳ್ಳಕ್ಕೆ ಹಾರಿತು.

ಹಂದಿ ತೋಡಿದ್ದ ಗುಂಡಿ ಮುಚ್ಚಿಹೋಗಿತ್ತು. ಗಿರಕಿ ತನ್ನ ಗೂಡಿನ ಮರದ ಬುಡದಲ್ಲಿದ್ದ ಬೆಳ್ಳಕ್ಕ ಎಂಬ ಮೊಲದ ಬಳಿ ಹಾರಿ, ಮರಳು ತೋಡಿಕೊಡೆಂದು ಬೇಡಿತು. ಅಷ್ಟು ಸಾರಿದರೂ ನೀವು ಕೇಳಲಿಲ್ಲವೆಂದು ಬೈದೂ ಬಿಟ್ಟಿತು.

"ನೀನು ಹೇಳಿದ್ದು ಕೇಳಿಸಿತು ಗಿರಕಿ. ನೀನೇ ದಿನಾ ಕೆರೆ ನೀರು ಕುಡಿಯುವುದೂ ಕಾಣಿಸಿತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಅಂದುಕೊಂಡೆವು" ಎಂದಿತು ಬೆಳ್ಳಕ್ಕ.

ಆದರೂ ಬೆಳ್ಳಕ್ಕ ಹಳ್ಳಕ್ಕಿಳಿದು ಸರಸರನೆ ಮರಳು ತೋಡಿತು. ಗಿರಕಿ ತಾನೂ ಕುಡಿದು, ಮರಿಗೂ ಗುಟುಕು ಗುಟುಕಾಗಿ ಒಯ್ದಿತು. ರೆಕ್ಕೆ ಎಷ್ಟು ಚಡಪಡಿಸಿದರೂ ಬೇರೆಲ್ಲಿಗೂ ಹಾರಲಿಲ್ಲ. ಅದನ್ನು ನೋಡಿ ಬೆಳ್ಳಕ್ಕ ಕುಡಿಯಿತು. ಇಬ್ಬರನ್ನು ನೋಡಿ ನೆರೆಯ ಮುಂಗುಸಿ ಬಂತು. ಮೂವರನ್ನು ನೋಡಿ, ನಾಲ್ಕು ಸಲ ಸುದ್ದಿ ಕೇಳಿಯೂ ನಕ್ಕಿದ್ದ ನರಿ ಬಂತು. ವಾರದೊಳಗೆ ಹಳ್ಳದ ತುಂಬ ಒರತೆಗಳು. ಮರಿಯೂ ಚೇತರಿಸಿಕೊಂಡು ಕಿಚಿಕಿಚಿ ಎನ್ನತೊಡಗಿತು.

ಆಚೆ ಗುಡ್ಡದ ಕೊಕ್ಕರೆಯೊಂದು ಬಂದು, ಈ ಒಳ್ಳೆಯ ಅಭ್ಯಾಸ ನಿಮಗೆ ಯಾರು ಕಲಿಸಿದರು ಎಂದು ಕೇಳಿತು.

"ಯಾರೂ ಕಲಿಸಲಿಲ್ಲಪ್ಪ. ನಮ್ಮ ಕಡೆ ಎಲ್ಲರೂ ಇದನ್ನೇ ಕುಡಿಯುವುದು" ಎಂದಿತು ನರಿ.

ಗಿರಕಿಯ ಕೊಕ್ಕಿನ ತುದಿಗೆ ಮಾತು ಬಂದಿತ್ತು. ಅದನ್ನು ನುಂಗಿಕೊಂಡು, ಕೊಕ್ಕಿನ ತುಂಬ ನೀರು ತುಂಬಿಕೊಂಡು ಗೂಡಿಗೆ ಹೋಯಿತು.

ನೀತಿ: ಒಳ್ಳೆಯ ಅಭ್ಯಾಸ ಸಾರಿದರೆ ಹಬ್ಬದು, ಮಾಡಿ ತೋರಿಸಿದರೆ ನೆರೆಯಿಂದ ನೆರೆಗೆ ತಾನೇ ಹಬ್ಬುತ್ತದೆ.